ಪದಚರ್ಚೆ: ಟೀಮ್‌ವರ್ಕ್ ಎಂದರೆ ‘ಹೊಂದಾಣಿಕೆ’ಯೇ?

ಎಲ್ಲರಿಗೂ ನಮಸ್ಕಾರ.

ಕಲಬುರಗಿಯಲ್ಲಿ ನರ್ಸಿಂಗ್ ವಿದ್ಯಾರ್ಥಿಗಳಿಗೆ ಪಾಠ ಮಾಡುತ್ತೇನೆ. ವೈದ್ಯಕೀಯ, ನರ್ಸಿಂಗ್, ಫಾರ್ಮಸಿ ಓದುವವರನ್ನು ಒಂದೇ ಹಾಸಿಗೆಯ ಸುತ್ತ ನಿಲ್ಲಿಸಿ ಅಭ್ಯಾಸ ಮಾಡಿಸಿ, ಅವರು ತಂಡವಾಗಿ ಹೇಗೆ ಕೆಲಸ ಮಾಡಿದರೆಂದು ಅಂಕ ಹಾಕುವ ನಮೂನೆಯೊಂದನ್ನು ಕನ್ನಡದಲ್ಲಿ ಸಿದ್ಧಪಡಿಸುತ್ತಿದ್ದೇವೆ. ಅಧ್ಯಾಪಕರ ಜೊತೆಗೆ ಸಹಪಾಠಿಗಳೂ ರೋಗಿಯ ಕಡೆಯವರೂ ಅದನ್ನು ತುಂಬಬೇಕು. ಇಂಗ್ಲಿಷಿನಲ್ಲಿಟ್ಟರೆ ಕೆಲಸ ಕೆಟ್ಟಿತು.

ತೊಡಕು ಮೊದಲ ಸಾಲಿನಲ್ಲೇ ಇದೆ. ಟೀಮ್‌ವರ್ಕ್ ಎಂಬಲ್ಲಿ ಕರಡಿನಲ್ಲಿ ‘ಹೊಂದಾಣಿಕೆ’ ಎಂದು ಹಾಕಿದ್ದಾರೆ. ಕೇಳಲು ಹಿತವಾದ ಪದ. ಆದರೆ ‘ಹೊಂದಿಕೊಂಡು ಹೋಗು’ ಎಂದು ನಾವು ಯಾರಿಗೆ, ಯಾವಾಗ ಹೇಳುತ್ತೇವೆ? ಹೊಸ ಸೊಸೆಗೆ, ಬಾಡಿಗೆಯವನಿಗೆ, ಕೆಳಗಿನ ನೌಕರನಿಗೆ. ‘ಸರ್, ಈ ಡೋಸ್ ಇನ್ನೊಮ್ಮೆ ನೋಡುತ್ತೀರಾ?’ ಎಂದು ಕೇಳಿದ ಹುಡುಗಿಗೆ ಈ ಕಾಲಂನಲ್ಲಿ ಕಡಿಮೆ ಅಂಕ ಬೀಳುತ್ತದೆ. ತೆಪ್ಪಗೆ ನಿಂತವಳು ಗೆಲ್ಲುತ್ತಾಳೆ. ಅಳೆಯಬೇಕಾದದ್ದು ಇದರ ತದ್ವಿರುದ್ಧ. ಅಮೆರಿಕದಲ್ಲಿ 2006ರಲ್ಲಿ ಹೊರಬಂದ ‘ಟೀಮ್‌ಸ್ಟೆಪ್ಸ್’ ತರಬೇತಿಯಲ್ಲಂತೂ, ಮೊದಲ ಸಲ ಕಿವಿಗೊಡದಿದ್ದರೆ ಕನಿಷ್ಠ ಎರಡನೆಯ ಸಲವಾದರೂ ಆತಂಕವನ್ನು ಹೇಳಲೇಬೇಕು ಎಂಬ ನಿಯಮವೇ ಇದೆ.

‘ಸಹಕಾರ’ ಎಂದರೆ ಸೊಸೈಟಿ ಸಾಲ ನೆನಪಾಗುತ್ತದೆ. ‘ಒಗ್ಗಟ್ಟು’ ಧರಣಿಗೆ ಸರಿ. ‘ತಂಡಕಾರ್ಯ’ ಸಪ್ಪೆ, ಅಪಾಯವಿಲ್ಲ. ನನ್ನ ಒಲವು ನಾಮಪದವನ್ನೇ ಕೈಬಿಡುವ ಕಡೆಗೆ: ‘ಅನುಮಾನ ಬಂದಾಗ ಬಾಯಿಬಿಟ್ಟು ಹೇಳಿದರೇ?’, ‘ತಮ್ಮ ಹೆಸರು, ಕೆಲಸ ತಿಳಿಸಿದರೇ?’ ಎಂದು ಕಣ್ಣಿಗೆ ಕಾಣುವುದನ್ನೇ ಕೇಳಿಬಿಡುವುದು. ಗುಣಕ್ಕೆ ಅಂಕ ಹಾಕುವುದಕ್ಕಿಂತ ನಡೆಗೆ ಅಂಕ ಹಾಕುವುದು ನ್ಯಾಯ. ಆದರೂ ಮೇಲೆ ಒಂದು ತಲೆಬರಹ ಬೇಕಲ್ಲ!

ಎರಡನೆಯದು, ಇಂಟರ್‌ಪ್ರೊಫೆಷನಲ್ ಎಜುಕೇಶನ್ ಎಂಬುದಕ್ಕೆ ಹಾಕಿರುವ ‘ಅಂತರವೃತ್ತಿ ಶಿಕ್ಷಣ’. ಒಬ್ಬ ವಿದ್ಯಾರ್ಥಿ ಇದನ್ನು ದೂರಶಿಕ್ಷಣವೆಂದುಕೊಂಡ. ತಪ್ಪು ಅವನದಲ್ಲ, ‘ಅಂತರ’ ಎಂದರೆ ದೂರ ತಾನೆ? ವಿಶ್ವ ಆರೋಗ್ಯ ಸಂಸ್ಥೆಯ 2010ರ ಚೌಕಟ್ಟು ಹೇಳುವುದಿಷ್ಟು: ಎರಡು ಅಥವಾ ಹೆಚ್ಚು ವೃತ್ತಿಗಳವರು ಒಬ್ಬರ ಬಗ್ಗೆ ಒಬ್ಬರು, ಒಬ್ಬರಿಂದೊಬ್ಬರು, ಒಬ್ಬರೊಡನೊಬ್ಬರು ಕಲಿಯುವುದು. ನಮ್ಮ ವಿಭಕ್ತಿಗಳು ಇದನ್ನು ಎಷ್ಟು ಸಲೀಸಾಗಿ ಹೊತ್ತಿವೆ ನೋಡಿ. ‘ಕೂಡುಕಲಿಕೆ’ ಎಂದರೆ ಸಾಕೇ, ಅಥವಾ ಗಂಡು ಹೆಣ್ಣು ಒಟ್ಟಿಗೆ ಓದುವ ಸಹಶಿಕ್ಷಣದ ಅರ್ಥ ಬಂದೀತೇ?

ಮೂರನೆಯದೇ ನನಗೆ ಹೆಚ್ಚು ಬೇಕಾದದ್ದು. ಹೆರಿಗೆಯ ಅಭ್ಯಾಸದಲ್ಲಿ ವೈದ್ಯ ವಿದ್ಯಾರ್ಥಿ ‘ಆಕ್ಸಿಟೋಸಿನ್ ಹತ್ತು ಯೂನಿಟ್, ಸ್ನಾಯುವಿಗೆ’ ಎಂದು ಚುಚ್ಚುಮದ್ದು ಹೇಳುತ್ತಾನೆ. ನರ್ಸಿಂಗ್ ವಿದ್ಯಾರ್ಥಿನಿ ‘ಹೂಂ’ ಎನ್ನಬಾರದು. ಅದು ಕೇಳಿಸಿತು ಎಂದೂ ಆಗಬಹುದು, ಒಪ್ಪಿದೆ ಎಂದೂ, ಸುಮ್ಮನಿರು ಎಂದೂ. ‘ಆಕ್ಸಿಟೋಸಿನ್ ಹತ್ತು ಯೂನಿಟ್, ಸ್ನಾಯುವಿಗೆ’ ಎಂದು ಅವಳು ಪೂರ್ತಿ ಹೇಳಬೇಕು, ಅವನು ‘ಸರಿ’ ಎಂದು ಮುಗಿಸಬೇಕು. ಈ ಮೂರು ಹೆಜ್ಜೆಗೆ ಒಂದು ಹೆಸರು ಬೇಕು. ‘ಮರುಮಾತು’, ‘ತಿರುಗಿ ಹೇಳುವುದು’ ಎರಡರಲ್ಲೂ ಜಗಳದ ವಾಸನೆ. ‘ಪುನರುಚ್ಚಾರ’ ವಾರ್ಡಿನಲ್ಲಿ ಯಾರ ಬಾಯಿಗೂ ಬರುವುದಿಲ್ಲ. ಪಾಠ ಒಪ್ಪಿಸುತ್ತಿದ್ದೆವಲ್ಲ, ಆ ‘ಒಪ್ಪಿಸು’ ಚೆನ್ನಾಗಿದೆ. ಆದರೆ ಪಾಳಿ ಬದಲಾಗುವಾಗ ರೋಗಿಯ ಹೊಣೆ ವಹಿಸಿಕೊಡುವುದಕ್ಕೂ ಅದೇ ಬೇಕಾಗುತ್ತದೆ. ಸದ್ಯ ಅಲ್ಲಿ ‘ಓವರ್ ಕೊಡುವುದು’ ನಡೆಯುತ್ತಿದೆ.

‘ಒಪ್ಪಿಸು’ ಎರಡಕ್ಕೂ ನಿಂತೀತೇ? ಬೀದರ, ಯಾದಗಿರಿ ಕಡೆಯ ದವಾಖಾನೆಗಳಲ್ಲಿ ಸಿಸ್ಟರ್‌ಗಳು ಬೇರೆ ಏನಾದರೂ ಅನ್ನುತ್ತಿದ್ದರೆ ದಯವಿಟ್ಟು ತಿಳಿಸಿ. ನಿಘಂಟಿನ ಪದಕ್ಕಿಂತ ಅದೇ ನನಗೆ ಬೇಕಾದದ್ದು.