ಮಾರ್ಖಾ ಕಣಿವೆ ಚಾರಣ: ಮೈಸೂರಿನಿಂದ ಹೋಗುವವರು ಎತ್ತರಕ್ಕೆ ಒಗ್ಗಿಕೊಳ್ಳುವುದು ಹೇಗೆ?

ಕುವೆಂಪುನಗರದ ಅಮ್ಮ:
ಎಲ್ಲರಿಗೂ ನಮಸ್ಕಾರ. ಸೆಪ್ಟೆಂಬರ್‌ನಲ್ಲಿ ನಾನು ಮತ್ತು ಕಾಲೇಜು ಓದುವ ಮಗಳು ಲಡಾಖ್‌ನ ಮಾರ್ಖಾ ಕಣಿವೆಗೆ ಹೊರಟಿದ್ದೇವೆ. ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವ ಅಭ್ಯಾಸ ಇಬ್ಬರಿಗೂ ಇದೆ. ನಾನು ನಂದಿಯ ಹತ್ತಿರವೂ ನಿಲ್ಲದೆ ಹತ್ತುತ್ತೇನೆ, ಮಗಳು ಓಡಿಯೇ ಹೋಗುತ್ತಾಳೆ. ಪ್ಯಾಕೇಜ್‌ನಲ್ಲಿ ಮೊದಲ ದಿನ ವಿಮಾನದಲ್ಲಿ ಲೇಹ್, ಎರಡನೇ ದಿನ ಖರ್ದುಂಗ್ ಲಾ (ಲಾ ಅಂದರೆ ಬೆಟ್ಟ ದಾಟುವ ಘಾಟಿ) ನೋಡಿ ಬರುವುದು, ಮೂರನೇ ದಿನ ಸ್ಕಿಯು ಹಳ್ಳಿಯಿಂದ ನಡಿಗೆ. ಇಷ್ಟು ಸಾಕಾ? ಹೋಗುವ ವಾರ ಮೊದಲು ಊಟಿಯಲ್ಲಿ ಎರಡು ದಿನ ಇದ್ದು ಬಂದರೆ ಉಪಯೋಗ ಇದೆಯಾ? ಮನೆಯವರು ಬೆಳ್ಳುಳ್ಳಿ ತಿನ್ನಿ ಅನ್ನುತ್ತಾರೆ. ಅಮರನಾಥಕ್ಕೆ ಹೋಗಿ ಬಂದ ಪಕ್ಕದ ಮನೆಯ ಆಂಟಿ ಕರ್ಪೂರ ಕಟ್ಟಿಕೊಡುತ್ತೇನೆ ಅಂದಿದ್ದಾರೆ.

ಬುಲೆಟ್ ರಾಜ:
ಸುಮ್ನೆ ಹೆದರಬೇಡಿ ಅಕ್ಕ. ನಾವು ಬೈಕಲ್ಲಿ ಹೋಗಿದ್ದೆವು, ಏನೂ ಆಗಲಿಲ್ಲ. ಒಂದು ಆಕ್ಸಿಜನ್ ಕ್ಯಾನ್ ಇಟ್ಟುಕೊಳ್ಳಿ, ಸಾಕು.

ನಿಧಾನಿ:
ರಾಜ ಅವರಿಗೆ ಏನೂ ಆಗಲಿಲ್ಲ, ಸಂತೋಷ. ಅದು ಅವರ ಮೈ. ನಿಮ್ಮದು ಹೇಗೆ ಅಂತ ಅಲ್ಲಿಗೆ ಹೋಗುವ ತನಕ ಯಾರೂ ಹೇಳಲಾರರು.

ಮೇಡಂ, ಮೆಟ್ಟಿಲು ಬಿಡಬೇಡಿ. ಕಾಲಿಗೆ, ಎದೆಗೆ ಅದು ಬೇಕು. ಆದರೆ ಎತ್ತರಕ್ಕೆ ಒಗ್ಗುವುದು ಬೇರೆಯೇ ವಿಷಯ. ಮೈಸೂರು ಇರುವುದು ಸುಮಾರು 770 ಮೀಟರ್‌ನಲ್ಲಿ, ಬೆಟ್ಟದ ತುದಿ ಸಾವಿರ ಚಿಲ್ಲರೆ. ಊಟಿ 2,240. ಲೇಹ್ 3,500! ಊಟಿಗೆ ಹೋಗಿ, ಇಳಿದು ಬಂದು, ಮನೆಯಲ್ಲಿ ವಾರ ಕಳೆದರೆ ಬಂದ ಅಷ್ಟಿಷ್ಟು ಲಾಭವೂ ಉಳಿಯುವುದಿಲ್ಲ. ವರ್ಕಿ ತಿನ್ನುವ ಆಸೆ ಇದ್ದರೆ ಹೋಗಿ ಬನ್ನಿ.

ಗಾಳಿಯಲ್ಲಿ ಆಮ್ಲಜನಕದ ಪಾಲು ಅಲ್ಲೂ ಶೇ. 21. ಆದರೆ ಗಾಳಿಯ ಒತ್ತಡ ಕಡಿಮೆ, ಹಾಗಾಗಿ ಒಂದೊಂದು ಉಸಿರಿಗೂ ಸಿಗುವುದು ಕಡಿಮೆ. ಸಮುದ್ರಮಟ್ಟಕ್ಕೆ ಹೋಲಿಸಿದರೆ ಲೇಹ್‌ನಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು. ನೀವು ದಾಟಬೇಕಾದ ಕೊಂಗ್ಮಾರು ಲಾ 5,200 ಮೀಟರ್ ಆಸುಪಾಸು, ಅಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಮೈ ಜೋರಾಗಿ ಉಸಿರಾಡಿ ಇದನ್ನು ತುಂಬಿಕೊಳ್ಳಲು ನೋಡುತ್ತದೆ. ಆಗ ರಕ್ತದಲ್ಲಿ ಕ್ಷಾರ ಹೆಚ್ಚುತ್ತದೆ. ಅದನ್ನು ಮೂತ್ರದಲ್ಲಿ ಹೊರಗೆ ಹಾಕಿ ಸರಿಮಾಡುವುದು ಕಿಡ್ನಿ ಕೆಲಸ, ಅದಕ್ಕೆ ಕೆಲವು ದಿನ ಹಿಡಿಯುತ್ತದೆ. ನಿಮ್ಮ ಮಗಳು ಓಡಬಹುದು, ಅವಳ ಕಿಡ್ನಿ ಓಡುವುದಿಲ್ಲ.

ನಿಜ ಹೇಳಲಾ? ನನಗೆ ನಿಮಗಿಂತ ಅವಳದೇ ಚಿಂತೆ. ಗಟ್ಟಿಮುಟ್ಟಾದ ಹುಡುಗರೇ ಇಳಿದ ದಿನ ಬಜಾರ್ ಸುತ್ತಿ, ಶಾಂತಿ ಸ್ತೂಪದ ಮೆಟ್ಟಿಲು ಹತ್ತಿ, ರಾತ್ರಿ ತಲೆ ಹಿಡಿದು ಕೂರುವುದನ್ನು ನೋಡಿದ್ದೇನೆ. ಬಾಯಿ ಬಿಟ್ಟು ಹೇಳುವುದೂ ಇಲ್ಲ. ಮರ್ಯಾದೆ ಪ್ರಶ್ನೆ ಅಲ್ವಾ!

ಮೊದಲ ಎರಡು ದಿನ ಲೇಹ್‌ನಲ್ಲಿ ಮಲಗಿ, ಉಣ್ಣಿ, ನಿಧಾನ ಓಡಾಡಿ. ಸ್ತೂಪ ಮೂರನೇ ದಿನಕ್ಕಿರಲಿ. ನಾಲ್ಕನೇ ದಿನ ಹೊರಡಿ. ಎರಡನೇ ದಿನವೇ 5,359 ಮೀಟರ್‌ನ ಖರ್ದುಂಗ್ ಲಾಗೆ ಹೋಗಿ ಫೋಟೊ ತೆಗೆಸಿಕೊಳ್ಳುವ ಅವಸರ ಯಾಕೆ? 3,000 ಮೀಟರ್ ದಾಟಿದ ಮೇಲೆ ರಾತ್ರಿ ಮಲಗುವ ಜಾಗ ಹಿಂದಿನ ರಾತ್ರಿಗಿಂತ 500 ಮೀಟರ್‌ಗಿಂತ ಜಾಸ್ತಿ ಮೇಲಿರಬಾರದು. ಹಗಲು ಎಷ್ಟು ಹತ್ತಿ ಇಳಿದಿರಿ ಅನ್ನುವುದಕ್ಕಿಂತ ಇದು ಮುಖ್ಯ. ನಿಮ್ಮ ದಾರಿಯಲ್ಲಿ ರಾತ್ರಿ ತಂಗುವ ಹಂಕರ್ ಸುಮಾರು 4,000, ನಿಮಾಲಿಂಗ್ 4,700ರ ಮೇಲೆ. ಒಂದೇ ದಿನ ಅಲ್ಲಿಂದ ಇಲ್ಲಿಗೆ ಕರೆದೊಯ್ಯುತ್ತಾರಾ, ನಡುವೆ ಥಚುಂಗ್ತ್ಸೆಯಲ್ಲಿ ರಾತ್ರಿ ನಿಲ್ಲಿಸುತ್ತಾರಾ, ಕೇಳಿ.

ರಜೆ ಇದ್ದರೆ ಶ್ರೀನಗರದಿಂದ ರಸ್ತೆಯಲ್ಲೇ ಹೋಗಿ, ಕಾರ್ಗಿಲ್‌ನಲ್ಲಿ ರಾತ್ರಿ ಕಳೆದು. ಮನಾಲಿ ದಾರಿಯಲ್ಲಿ 4,290 ಮೀಟರ್‌ನ ಸರ್ಚುವಿನಲ್ಲಿ ಮಲಗಿದವರ ಪಾಡು ಬೇಡ.

ಮಂಡ್ಯ ಮೆಡಿಕಲ್ಸ್:
ನನ್ನದು ಔಷಧಿ ಅಂಗಡಿ, ಅದಕ್ಕೇ ಈ ಮಾತು. ಎತ್ತರಕ್ಕೆ ಒಗ್ಗಲು ನೆರವಾಗುವ ಡಯಾಮಾಕ್ಸ್ ಮಾತ್ರೆ ಕೊಡಿ ಅಂತ ಚೀಟಿ ಇಲ್ಲದೆ ಬರುವವರು ಜಾಸ್ತಿ. ಸಾಮಾನ್ಯವಾಗಿ ಬರೆಯುವುದು 125 ಮಿಲಿಗ್ರಾಂ, ದಿನಕ್ಕೆರಡು ಸಲ, ಹತ್ತುವ ಹಿಂದಿನ ದಿನದಿಂದ. ಸಲ್ಫಾ ಅಲರ್ಜಿ, ಕಿಡ್ನಿ ತೊಂದರೆ ಇದ್ದರೆ ಡಾಕ್ಟರಿಗೆ ಮೊದಲೇ ಹೇಳಿ. ಬೆರಳು ಜುಮ್ಮೆನ್ನುತ್ತದೆ, ಪದೇ ಪದೇ ಮೂತ್ರಕ್ಕೆ ಹೋಗಬೇಕಾಗುತ್ತದೆ, ಸೋಡಾ ಸಪ್ಪೆ ಅನಿಸುತ್ತದೆ. ಗಾಬರಿ ಬೇಡ. ನಿದ್ದೆ ಮಾತ್ರೆ ಮಾತ್ರ ಬೇಡವೇ ಬೇಡ.

ಕರ್ಪೂರ ಮೂಸಿದರೆ ಮೂಗು ಬಿಟ್ಟ ಹಾಗೆ ಅನಿಸುತ್ತದೆ, ರಕ್ತದಲ್ಲಿ ಆಮ್ಲಜನಕ ಏರುವುದಿಲ್ಲ. ಬಾಯಿಗಂತೂ ಹಾಕಬೇಡಿ, ವಿಷ. ಬೆಳ್ಳುಳ್ಳಿ ಸಾರಿಗೆ ಸೇರಿಸಿ. ಆ ಕ್ಯಾನ್ ಕೆಲವು ನಿಮಿಷಕ್ಕೆ ಖಾಲಿ, ರಾಜಣ್ಣ.

ಕುವೆಂಪುನಗರದ ಅಮ್ಮ:
ತುಂಬಾ ಉಪಕಾರ ಆಯಿತು. ಫೋನ್ ಮಾಡಿದೆ. ಖರ್ದುಂಗ್ ಲಾ ಬಿಡಲು ಒಪ್ಪಿದರು, ಲೇಹ್‌ನಲ್ಲಿ ಒಂದು ದಿನ ಜಾಸ್ತಿ ಇರಲು ಬೇರೆ ದುಡ್ಡು ಅಂದರು. ಕೊಡುತ್ತೇನೆ. ಹಂಕರ್ ವಿಷಯ ವಿಚಾರಿಸಿ ಹೇಳುತ್ತಾರಂತೆ. ನಿಧಾನಿ ಸರ್, ಮಗಳು ಬಾಯಿ ಬಿಡದಿದ್ದರೆ ನಾನು ಕಂಡುಹಿಡಿಯುವುದು ಹೇಗೆ?

ನಿಧಾನಿ:
ತಟ್ಟೆ ನೋಡಿ ಮೇಡಂ. ಊಟ ಬೇಡ ಅಂದರೆ, ಅದರ ಜೊತೆ ತಲೆನೋವೂ ಇದ್ದರೆ, ಅವತ್ತು ಇನ್ನೂ ಮೇಲೆ ಹೋಗಬೇಡಿ. ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದು ಕಾಲಿನ ಬೆರಳು ತಾಗಿಸುತ್ತಾ ಗೆರೆಯ ಮೇಲೆ ನಡೆಸಿ ನೋಡಿ. ತೂರಾಡಿದರೆ, ಮಾತು ತೊದಲಿದರೆ ಮೆದುಳಿಗೆ ನೀರು ಸೇರುತ್ತಿರಬಹುದು. ಸುಮ್ಮನೆ ಕೂತಾಗಲೂ ಏದುಸಿರು, ಕೆಮ್ಮು ಇದ್ದರೆ ಶ್ವಾಸಕೋಶಕ್ಕೆ. ಎರಡರಲ್ಲಿ ಯಾವುದು ಕಂಡರೂ ಬೆಳಗಾಗಲಿ ಅಂತ ಕಾಯಬೇಡಿ, ಆಗಲೇ ಕೆಳಗಿಳಿಸಿ. ಅವಳನ್ನು ಒಬ್ಬಳೇ ಕಳಿಸಬೇಡಿ.

ಇದನ್ನೆಲ್ಲ ಅವಳಿಗೂ ಓದಿಸಿ, ನಿಮ್ಮನ್ನು ನೋಡಿಕೊಳ್ಳುವವಳು ಅವಳೇ ತಾನೆ. ಹಂಕರ್ ಬಗ್ಗೆ ಅವರು ಏನಂದರು ಅಂತ ಇಲ್ಲಿ ಹಾಕಿ.