ಯೋಗಿ ಬೆರಾ ಅವರ ಹಿರಿಮೆ ಯಾವುದರಲ್ಲಿದೆ?

ಪ್ರಶ್ನೆ (ಬಳ್ಳಾರಿ): ನಾನು ಇಲ್ಲಿನ ಶಾಲೆಯೊಂದರಲ್ಲಿ ಮಕ್ಕಳಿಗೆ ವಿಕೆಟ್ ಕೀಪಿಂಗ್ ಕಲಿಸುತ್ತೇನೆ. ಬೇಸ್‌ಬಾಲ್ ಕ್ಯಾಚರ್ ಯೋಗಿ ಬೆರಾ ಅವರನ್ನು ಅಷ್ಟೊಂದು ಕೊಂಡಾಡುವುದೇಕೆ, ಅವರಿಗೆ ಆ ಹೆಸರು ಬಂದದ್ದು ಹೇಗೆ ಎಂಬುದನ್ನು ಬಲ್ಲವರು ತಿಳಿಸಬೇಕು.

ಉತ್ತರ (ರಾಯಚೂರು): ಗುರುಗಳೇ, ಕ್ಯಾಚರ್ ಕೇವಲ ಚೆಂಡು ಹಿಡಿಯುವವನಲ್ಲ, ಕುಕ್ಕರುಗಾಲಿನಲ್ಲಿ ಕುಳಿತು, ಯಾವ ಬಗೆಯ ಎಸೆತ ಬೇಕೆಂದು ಬೆರಳ ಸನ್ನೆಯಿಂದ ಎಸೆಗಾರನಿಗೆ ಸೂಚಿಸುವವನೂ ಅವನೇ. 1956ರ ವರ್ಲ್ಡ್ ಸೀರೀಸ್ (ಅಮೆರಿಕದ ಬೇಸ್‌ಬಾಲ್‌ನ ವರ್ಷದ ಅಂತಿಮ ಸರಣಿ) ಪಂದ್ಯವೊಂದರಲ್ಲಿ ಎಸೆಗಾರ ಡಾನ್ ಲಾರ್ಸೆನ್ ಎದುರಾಳಿಗಳಲ್ಲಿ ಒಬ್ಬರನ್ನೂ ಬೇಸ್ (ಓಟಕ್ಕಾಗಿ ಮುಟ್ಟಬೇಕಾದ ನೆಲೆ) ತಲುಪಗೊಡದೆ, ಇಡೀ ಪಂದ್ಯದ 27 ಔಟ್‌ಗಳನ್ನೂ ಸಾಲಾಗಿ ಪಡೆದಾಗ ಸನ್ನೆ ಕೊಡುತ್ತಿದ್ದವರು ಬೆರಾ. ನ್ಯೂಯಾರ್ಕ್ ಯಾಂಕೀಸ್ ತಂಡದ ಆಟಗಾರರಾಗಿ ಅವರು 10 ವರ್ಲ್ಡ್ ಸೀರೀಸ್ ಗೆದ್ದರು.

ಉತ್ತರ (ಕೊಪ್ಪಳ): ಅವರ ನಿಜನಾಮ ಲಾರೆನ್ಸ್. ಸಿನಿಮಾದಲ್ಲಿ ಕಂಡ ಹಿಂದೂ ಯೋಗಿಯಂತೆ ಕಾಣುತ್ತಾರೆಂದು ಗೆಳೆಯನೊಬ್ಬ ಇಟ್ಟ ಅಡ್ಡಹೆಸರೇ ಉಳಿಯಿತಂತೆ; ನಮ್ಮ ಮಠದ ಅಂಗಳದವರಿಗೆ ಇದು ನಗು ತರಿಸುವ ಸಂಗತಿ. 1944ರಲ್ಲಿ, ಎರಡನೇ ಮಹಾಯುದ್ಧದ ವೇಳೆ, ಅಮೆರಿಕದ ನೌಕಾಪಡೆಯವರಾಗಿ ಫ್ರಾನ್ಸ್ ಕರಾವಳಿಯ ನಾರ್ಮಂಡಿ ದಾಳಿಯಲ್ಲೂ ಇದ್ದರು.