ಅಪಾಚೆ 2.4, ಆ್ಯಕ್ಟಿವ್ ಡೈರೆಕ್ಟರಿ: ಸರ್ಚ್ ಬೇಸ್ ಮೇಲಕ್ಕೆ ಒಯ್ದರೆ 500 ಎರರ್

ಪ್ರಶ್ನೆ:
ಅಪಾಚೆ ವೆಬ್ ಸರ್ವರ್‌ನಲ್ಲಿರುವ ಆಫೀಸಿನ ವಿಕಿಗೆ ಲಾಗಿನ್ ಆ್ಯಕ್ಟಿವ್ ಡೈರೆಕ್ಟರಿಯಿಂದಲೇ (ಮೈಕ್ರೋಸಾಫ್ಟ್‌ನ ಬಳಕೆದಾರರ ಡೈರೆಕ್ಟರಿ) ಆಗಬೇಕು. ಎಲ್‌ಡ್ಯಾಪ್ (ಡೈರೆಕ್ಟರಿಯನ್ನು ವಿಚಾರಿಸುವ ಪ್ರೋಟೋಕಾಲ್) ಮಾಡ್ಯೂಲ್ ಹಾಕಿದ್ದೇನೆ, ಪೋರ್ಟ್ 389. ಸರ್ಚ್ ಬೇಸ್ (ಹುಡುಕಾಟ ಶುರುವಾಗುವ ಜಾಗ) ಒಂದು ಓಯು (ಡೈರೆಕ್ಟರಿಯೊಳಗಿನ ವಿಭಾಗ) ಇದ್ದಾಗ ತೊಂದರೆಯಿಲ್ಲ. ಬೇರೆ ಶಾಖೆಯವರೂ ಬರಲೆಂದು ಅದನ್ನು ಡೊಮೇನ್‌ನ ಬುಡಕ್ಕೆ ಬದಲಿಸಿದರೆ 500 (ಸರ್ವರ್ ಎರರ್), ಲಾಗ್‌ನಲ್ಲಿ ‘ಆಪರೇಷನ್ಸ್ ಎರರ್’. ಅದೇ ಬೇಸ್, ಅದೇ ಬೈಂಡ್ ಅಕೌಂಟ್ (ಡೈರೆಕ್ಟರಿಗೆ ಲಾಗಿನ್ ಆಗುವ ಅಕೌಂಟ್) ಕೊಟ್ಟು ಎಲ್‌ಡ್ಯಾಪ್‌ಸರ್ಚ್ ಕಮಾಂಡ್ ಓಡಿಸಿದರೆ ಹೆಸರು ಸಿಗುತ್ತದೆ!

ಉತ್ತರ 1:
ರೆಫರಲ್ ಕಾಟ, ಅಂದರೆ ‘ಉಳಿದದ್ದನ್ನು ಅಲ್ಲಿ ಹುಡುಕು’ ಎಂಬ ಸೂಚನೆಗಳದ್ದು. ಎಲ್‌ಡ್ಯಾಪ್‌ಸರ್ಚ್ ಕೊಟ್ಟ ಫಲಿತಾಂಶದ ಕೊನೆ ನೋಡಿ: ಡೊಮೇನ್‌ಡಿಎನ್‌ಎಸ್‌ಝೋನ್ಸ್, ಫಾರೆಸ್ಟ್‌ಡಿಎನ್‌ಎಸ್‌ಝೋನ್ಸ್, ಕಾನ್ಫಿಗರೇಷನ್ ಅಂತ ‘ರೆಫ್’ ಸಾಲುಗಳಿರುತ್ತವೆ. ಎಲ್‌ಡ್ಯಾಪ್‌ಸರ್ಚ್ ಅವನ್ನು ತೋರಿಸಿ ಸುಮ್ಮನಾಗುತ್ತದೆ. ಅಪಾಚೆ ಬೆನ್ನು ಹತ್ತುತ್ತದೆ; ಅಲ್ಲಿ ಹೆಸರು ರಿಸಾಲ್ವ್ ಆಗದಿದ್ದರೆ, ಬೈಂಡ್ ಆಗದಿದ್ದರೆ ಇಡೀ ಹುಡುಕಾಟವೇ ಬಿದ್ದುಹೋಗುತ್ತದೆ. ಆ ಡೈರೆಕ್ಟರಿ ಬ್ಲಾಕ್ ಒಳಗೆ ‘ಎಲ್‌ಡ್ಯಾಪ್‌ರೆಫರಲ್ಸ್ ಆಫ್’ ಸೇರಿಸಿ ರೀಲೋಡ್ ಮಾಡಿ.

ಉತ್ತರ 2:
389ರ ಬದಲು ಗ್ಲೋಬಲ್ ಕೆಟಲಾಗ್ (ಎಲ್ಲ ಡೊಮೇನ್‌ಗಳ ಮಾಹಿತಿಯ ಭಾಗಶಃ ಪ್ರತಿ) ಪೋರ್ಟ್ 3268 ಕೊಟ್ಟರೂ ಆಗುತ್ತದೆ. ಆದರೆ ಬೇರೆ ಡೊಮೇನ್‌ಗಳ ಗುಂಪುಗಳಲ್ಲಿ ಯೂನಿವರ್ಸಲ್ ಗುಂಪಿನ ಸದಸ್ಯರ ಪಟ್ಟಿ ಮಾತ್ರ ಅಲ್ಲಿ ಸಿಗುವುದು.

ಅದಕ್ಕಿಂತ ದೊಡ್ಡ ಮಾತು, 389ರಲ್ಲಿ ಟಿಎಲ್‌ಎಸ್ (ಎನ್‌ಕ್ರಿಪ್ಷನ್) ಇಲ್ಲದಿದ್ದರೆ ಪಾಸ್‌ವರ್ಡ್ ಬಟಾಬಯಲು. ಟಿಎಲ್‌ಎಸ್ ಇರುವ 636ಕ್ಕೆ ಹೋಗಿ (ಕೆಟಲಾಗ್ ಆದರೆ 3269). ಕಂಪನಿಯ ಸಿಎ (ಸರ್ಟಿಫಿಕೇಟ್ ಕೊಡುವ ಪ್ರಾಧಿಕಾರ) ಸರ್ಟಿಫಿಕೇಟನ್ನು ‘ಎಲ್‌ಡ್ಯಾಪ್‌ಟ್ರಸ್ಟೆಡ್‌ಗ್ಲೋಬಲ್‌ಸರ್ಟ್’ನಲ್ಲಿ ಕೊಡಬೇಕು. ಆ ಸಾಲು ವರ್ಚುವಲ್ ಹೋಸ್ಟ್ ಒಳಗೆ ನಡೆಯದು, ಮುಖ್ಯ ಕಾನ್ಫಿಗ್‌ನಲ್ಲೇ ಇರಲಿ. ಸರ್ಟಿಫಿಕೇಟ್ ತಪಾಸಣೆ ಆಫ್ ಮಾಡುವ ಸಲಹೆ ಯಾರಾದರೂ ಕೊಟ್ಟರೆ ಕೇಳಬೇಡಿ. ಬ್ರೌಸರ್ ಕಡೆಯೂ ಎಚ್‌ಟಿಟಿಪಿಎಸ್ ಬೇಕು. ಬೇಸಿಕ್ ಆಥ್‌ನಲ್ಲಿ ಪಾಸ್‌ವರ್ಡ್ ಬರೀ ಬೇಸ್64, ಯಾರು ಬೇಕಾದರೂ ಬಿಡಿಸಬಹುದು.

ಕೇಳಿದವರು:
ರೆಫರಲ್ಸ್ ಆಫ್ ಮಾಡಿದೆ, ಲಾಗಿನ್ ಆಯಿತು, ಥ್ಯಾಂಕ್ಸ್. ಈಗ ವಿಕಿ ಗುಂಪಿನೊಳಗೆ ಇನ್ನೊಂದು ಗುಂಪಾಗಿ ಸೇರಿಸಿರುವವರಿಗೆ ಮಾತ್ರ ಪ್ರವೇಶ ಸಿಗುತ್ತಿಲ್ಲ.

ಉತ್ತರ 1:
‘ರಿಕ್ವೈರ್ ಎಲ್‌ಡ್ಯಾಪ್-ಗ್ರೂಪ್’ ತಾನಾಗಿ ಒಳಗುಂಪಿಗೆ ಇಳಿಯುವುದಿಲ್ಲ. ಆ ಕೆಲಸ ಆ್ಯಕ್ಟಿವ್ ಡೈರೆಕ್ಟರಿಗೇ ಬಿಡಿ: ‘ರಿಕ್ವೈರ್ ಎಲ್‌ಡ್ಯಾಪ್-ಫಿಲ್ಟರ್’ ಬರೆದು, ಮೆಂಬರ್‌ಆಫ್ (ಯಾವ ಗುಂಪುಗಳ ಸದಸ್ಯ ಎಂಬ ಪಟ್ಟಿ) ಪಕ್ಕ ಕೋಲನ್, 1.2.840.113556.1.4.1941, ಮತ್ತೆ ಕೋಲನ್, ಸಮಚಿಹ್ನೆ, ಆಮೇಲೆ ಗುಂಪಿನ ಪೂರ್ತಿ ಡಿಎನ್ (ಡೈರೆಕ್ಟರಿಯಲ್ಲಿ ಅದರ ಪೂರ್ಣ ವಿಳಾಸ). ನಡುವೆ ಸ್ಪೇಸ್ ಬೇಡ. ‘ಡೊಮೇನ್ ಯೂಸರ್ಸ್’ ಮೇಲೆ ಮಾತ್ರ ಇದನ್ನು ಹಚ್ಚಬೇಡಿ, ಅದು ಸಾಮಾನ್ಯವಾಗಿ ಬಳಕೆದಾರರ ಪ್ರೈಮರಿ ಗುಂಪು; ಪ್ರೈಮರಿ ಗುಂಪು ಮೆಂಬರ್‌ಆಫ್‌ನಲ್ಲಿ ಇರುವುದೇ ಇಲ್ಲ.

ಉತ್ತರ 3:
ಯಾರಿಗಾದರೂ ಬರೀ 401 (ಲಾಗಿನ್ ನಿರಾಕರಣೆ) ಬರುತ್ತಿದ್ದರೆ ಅವರ ಹೆಸರಲ್ಲೇ ಎಲ್‌ಡ್ಯಾಪ್‌ಸರ್ಚ್ ಬೈಂಡ್ ಮಾಡಿಸಿ, ಎರರ್‌ನಲ್ಲಿ ‘ಡೇಟಾ’ ಮುಂದಿನ ಕೋಡ್ ನೋಡಿ. 52ಇ ಅಂದರೆ ಪಾಸ್‌ವರ್ಡ್ ತಪ್ಪು, 532 ಅಂದರೆ ಪಾಸ್‌ವರ್ಡ್ ಅವಧಿ ಮುಗಿದಿದೆ, 533 ಅಕೌಂಟ್ ನಿಷ್ಕ್ರಿಯ, 775 ಲಾಕ್. ಇನ್ನೊಂದು: ಅಪಾಚೆಯ ಎಲ್‌ಡ್ಯಾಪ್ ಕ್ಯಾಶ್ (ಹಿಂದಿನ ಉತ್ತರ ನೆನಪಿಟ್ಟುಕೊಳ್ಳುವ ಜಾಗ) ಡಿಫಾಲ್ಟ್ 600 ಸೆಕೆಂಡ್. ಕೆಲಸ ಬಿಟ್ಟವರ ಅಕೌಂಟ್ ಮುಚ್ಚಿದ ಮೇಲೂ ಅಷ್ಟು ಹೊತ್ತು ಅವರು ಒಳಗೆ ಬರಬಹುದು. ಬೇಡವೆಂದರೆ ‘ಎಲ್‌ಡ್ಯಾಪ್‌ಕ್ಯಾಶ್‌ಟಿಟಿಎಲ್’ ಇಳಿಸಿ.